ಕಬ್ಬಿನ ಹಂಗಾಮು ದಾಟಿಸುವ ತೇಪೆ: ಗಾಡಿಯ ತುಕ್ಕಿನ ತೂತಿಗೆ ಕಡಿಮೆ ಖರ್ಚಿನ ದಾರಿ

ರಬಕವಿ-ಬನಹಟ್ಟಿ ಕಡೆ ಮಳೆ ಕಡಿಮೆ. ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 550ರಿಂದ 600 ಮಿಲಿಮೀಟರ್ ಬೀಳುತ್ತದೆ. ಮಂಗಳೂರಿನಲ್ಲಿ ಅದರ ಆರು ಪಟ್ಟು ಸುರಿಯುತ್ತದೆ. ಆದರೂ ನಮ್ಮ ಭಾಗದ ಹಳೆ ಓಮ್ನಿ, ಟಾಟಾ ಏಸ್, ಬೊಲೆರೊ ಪಿಕಪ್‌ಗಳ ಬಾಗಿಲ ತಳವನ್ನು ಬೆರಳಿನಿಂದ ಒತ್ತಿದರೆ ಸಾಕು, ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಇದಕ್ಕೆ ಕಾರಣ ಹುಡುಕಲು ಆಕಾಶ ನೋಡಬೇಕಿಲ್ಲ, ಗಾಡಿಯಲ್ಲಿ ಏನು ಹೇರುತ್ತೇವೆ ಎಂದು ನೋಡಿದರೆ ತಿಳಿಯುತ್ತದೆ. ಪೊಟ್ಯಾಷ್ ಚೀಲ ಒಡೆದು ಪುಡಿ ಮೂಲೆಯಲ್ಲಿ ಉಳಿಯುತ್ತದೆ. ಅದು ಪೊಟ್ಯಾಸಿಯಂ ಕ್ಲೋರೈಡ್. ಕಬ್ಬಿಣದ ವಿಷಯದಲ್ಲಿ ಅಡುಗೆ ಉಪ್ಪಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಬಣ್ಣದ ಮನೆಯಿಂದ ಹಸಿ ನೂಲು ಸಾಗಿಸುವ ಗಾಡಿಗಳಲ್ಲಿ ಬಣ್ಣದ ಜೊತೆ ಉಪ್ಪಿನ ನೀರೂ ತೊಟ್ಟಿಕ್ಕುತ್ತದೆ. ಕಬ್ಬಿನ ಹಾಲು, ಕಾಕಂಬಿ ತಗಡಿಗೆ ಅಂಟಿ ಹುಳಿಯಾಗುತ್ತವೆ. ಎರೆಮಣ್ಣು ಒಮ್ಮೆ ಮಡ್‌ಗಾರ್ಡಿನ ಒಳಗೆ ಮೆತ್ತಿಕೊಂಡರೆ ವಾರಗಟ್ಟಲೆ ತೇವ ಬಿಡುವುದಿಲ್ಲ. ಇವೆಲ್ಲದರ ಮೇಲೆ ಕೃಷ್ಣೆ, ಘಟಪ್ರಭೆಯರ ನೆರೆ. 2019ರ ಆಗಸ್ಟಿನಲ್ಲಿ ಜಮಖಂಡಿ, ಮುಧೋಳ ಭಾಗದ ಊರುಗಳಿಗೆ ನೀರು ನುಗ್ಗಿದಾಗ ಅದರಲ್ಲಿ ನಿಂತ ಗಾಡಿಗಳನ್ನು ಮೇಲಿನಿಂದ ತೊಳೆದು ಒರೆಸಿ ಓಡಿಸಿದವರೇ ಹೆಚ್ಚು. ಬಾಗಿಲಿನ ಹೊಟ್ಟೆಯೊಳಗೆ ಕುಳಿತ ರಾಡಿ ಅಲ್ಲೇ ಉಳಿಯಿತು.

ಇದಕ್ಕೆ ಸರಿಯಾದ ಮದ್ದು ಟಿಂಕರಿಂಗ್ ಮಿಸ್ತ್ರಿಯ ಕೈಯಲ್ಲಿದೆ: ಕೊಳೆತ ತಗಡು ಕತ್ತರಿಸಿ, ಹೊಸ ತಗಡು ಕೂರಿಸಿ, ವೆಲ್ಡಿಂಗ್ ಹೊಡೆಯುವುದು. ಆದರೆ ಅಕ್ಟೋಬರ್ ಕೊನೆಗೋ ನವೆಂಬರಿಗೋ ಕಾರ್ಖಾನೆಗಳು ಕಬ್ಬು ನುರಿಸಲು ಸುರು ಮಾಡಿದರೆ ಮಾರ್ಚ್ ತನಕ ಗಾಡಿಗೆ ಬಿಡುವಿಲ್ಲ, ಕೈಯಲ್ಲಿ ರೊಕ್ಕವೂ ಇರುವುದಿಲ್ಲ. ಅಲ್ಲಿಯವರೆಗೆ ತೂತು ದೊಡ್ಡದಾಗದಂತೆ, ಒಳಗೆ ನೀರು ಧೂಳು ಬರದಂತೆ ತಡೆಯುವ ತಾತ್ಪೂರ್ತಿಕ ತೇಪೆಯನ್ನು ಮನೆಯಂಗಳದಲ್ಲಿ ಹೇಗೆ ಹಾಕಬಹುದು ಎಂಬುದನ್ನು ಇಲ್ಲಿ ಹೇಳುತ್ತೇನೆ. ಹಿಂದೆಂದೂ ಈ ಕೆಲಸ ಮಾಡದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಹಂತ 1: ಮುಚ್ಚಬಾರದ ತೂತು ಯಾವುದು?

ಸಾಮಾನು ತರುವ ಮೊದಲು ಒಂದು ಸ್ಕ್ರೂ ಡ್ರೈವರ್ ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಅದರ ಹಿಡಿಕೆಯಿಂದ ತಗಡನ್ನು ಮೆಲ್ಲಗೆ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ದಪ್ಪ್ ಎನ್ನುತ್ತದೆ. ಸದ್ದು ಬದಲಾದ ಕಡೆ ಚೂಪು ತುದಿಯಿಂದ ಒತ್ತಿ ನೋಡಿ. ಬಣ್ಣದ ಮೇಲೆ ಕಡಲೆ ಗಾತ್ರದ ಒಂದು ಗುಳ್ಳೆ ಎದ್ದಿದ್ದರೆ ಅದರ ಹಿಂದೆ ತುಕ್ಕು ಅಂಗೈಯಗಲ ತಿಂದಿರಬಹುದು. ಕಬ್ಬಿಣ ತುಕ್ಕಾದಾಗ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡಕ್ಕೇ ಬಣ್ಣ ಉಬ್ಬುವುದು. ಅಂದರೆ ಗುಳ್ಳೆ ಕಣ್ಣಿಗೆ ಬೀಳುವ ಹೊತ್ತಿಗೆ ತುಕ್ಕು ಒಳಗಿನಿಂದ ಹೊರಗೆ ಬಂದಾಗಿದೆ.

ಬಾಗಿಲಿನ ಹೊರತಗಡು, ಮಡ್‌ಗಾರ್ಡ್, ಬಾನೆಟ್, ಡಿಕ್ಕಿ ಬಾಗಿಲು, ಪಿಕಪ್ಪಿನ ಪಕ್ಕದ ಹಲಗೆ, ಟ್ರ್ಯಾಕ್ಟರ್ ಮಡ್‌ಗಾರ್ಡ್: ಇವುಗಳಿಗೆ ತೇಪೆ ಹಾಕಬಹುದು. ಇವು ಗಾಡಿಯ ಭಾರ ಹೊರುವುದಿಲ್ಲ.

ಭಾರ ಹೊರುವ ಜಾಗಕ್ಕೆ ತೇಪೆ ಬೇಡ. ಚಾಸಿ, ಸ್ಪ್ರಿಂಗ್ ಪಟ್ಟಿ ಮತ್ತು ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಸ್ಟೇರಿಂಗ್ ಬಾಕ್ಸ್ ಕೂರುವ ಜಾಗ, ಸೀಟ್ ಬೆಲ್ಟಿನ ಬೋಲ್ಟು, ಸೀಟಿನ ಬುಡ, ಬಾಗಿಲ ಕೀಲು, ಟ್ರೇಲರಿನ ಹುಕ್ಕು ಇವೆಲ್ಲ ಆ ಲೆಕ್ಕದವು. ಬ್ರೇಕ್ ಪೈಪ್ ಮತ್ತು ಎಣ್ಣೆ ಟಾಕಿಗೂ ತೇಪೆ ನಡೆಯದು. ಮಾರುತಿ 800, ಓಮ್ನಿ ಇರುವವರು ಇನ್ನೊಂದು ಮಾತು ತಿಳಿದಿರಬೇಕು. ಬೊಲೆರೊ ಪಿಕಪ್ಪಿಗೆ ಇರುವಂತೆ ಇವಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗೆ ಕಾಲಿಟ್ಟು ಹತ್ತುವ ಆ ಪೆಟ್ಟಿಗೆಯಂಥ ಪಟ್ಟಿ ಕೊಳೆತಿದ್ದರೆ ಅದರ ಮೇಲೆ ಪುಟ್ಟಿ ಮೆತ್ತುವುದು ಗಾಡಿಯಲ್ಲಿ ಕೂರುವವರಿಗೆ ಮಾಡುವ ಮೋಸ. ಅಪಘಾತವಾದಾಗ ಬಾಡಿ ಮಡಚಿಕೊಳ್ಳದಂತೆ ತಡೆಯುವುದು ಅದೇ ಪಟ್ಟಿ. ಅದಕ್ಕೆ ವೆಲ್ಡಿಂಗ್ ಒಂದೇ ದಾರಿ.

ನೆಲದ ತಗಡಿನ ತೂತು ಸಣ್ಣದಾದರೂ ತಡ ಮಾಡಬೇಡಿ. ಸೈಲೆನ್ಸರಿನ ಹೊಗೆ ಅದರಿಂದ ಒಳಗೆ ಬರುತ್ತದೆ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಅಪಾಯ ಇನ್ನೂ ಹತ್ತಿರ. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಯಾದರೆ ಆ ತೂತು ಮುಚ್ಚುವ ತನಕ ಗಾಜು ಇಳಿಸಿಕೊಂಡೇ ಓಡಿಸಿ.

ಹಂತ 2: ನೀರು ಎಲ್ಲಿ ನಿಂತಿದೆ?

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ತೇಪೆ ಆರು ತಿಂಗಳಿಗೇ ಕಿತ್ತು ಬರುವುದು ಇದರಿಂದಲೇ. ಬಾಗಿಲಿನ ಗಾಜಿನ ಸಂದಿಯಿಂದ ನೀರು ಒಳಗೆ ಇಳಿಯುವುದು ಸಹಜ. ಅದು ಹೊರಗೆ ಹೋಗಲಿ ಎಂದೇ ಬಾಗಿಲ ತಳದ ಅಂಚಿನಲ್ಲಿ ಕಂಪನಿಯವರು ಎರಡು ಮೂರು ಸಣ್ಣ ಕಿಂಡಿ ಬಿಟ್ಟಿರುತ್ತಾರೆ. ನಮ್ಮ ಕಡೆ ಆ ಕಿಂಡಿಗಳಲ್ಲಿ ಕಬ್ಬಿನ ರವದಿಯ ಚೂರು, ಎರೆಮಣ್ಣು, ಹತ್ತಿಯ ಜುಂಗು ಸೇರಿ ಬೆಣೆ ಹೊಡೆದಂತೆ ಕೂತಿರುತ್ತವೆ.

ಬಾಗಿಲು ತೆರೆದು ನೆಲದ ಮೇಲೆ ಕುಳಿತು ತಳದ ಅಂಚನ್ನು ಕೆಳಗಿನಿಂದ ನೋಡಿ. ಸೈಕಲ್ ಚಕ್ರದ ಕಡ್ಡಿಯೊಂದನ್ನು ಕಿಂಡಿಗೆ ತೂರಿಸಿ ಆಡಿಸಿ. ಮೊದಲು ಕರೀ ಕೆಸರು ಉದುರುತ್ತದೆ, ಹಿಂದೆಯೇ ಚಹಾ ಬಣ್ಣದ ನೀರು ಸಣ್ಣ ಧಾರೆಯಾಗಿ ಇಳಿಯುತ್ತದೆ. ಮಳೆ ಬಿದ್ದು ತಿಂಗಳಾಗಿದ್ದರೂ ಬರುತ್ತದೆ. ಅದು ನಿಂತ ಮೇಲೆ ಬಾಗಿಲ ಒಳಗಿನ ರಟ್ಟು ಬಿಚ್ಚಿ, ಸಿಹಿ ನೀರಿನ ಪೈಪ್ ಹಿಡಿದು ಚೆನ್ನಾಗಿ ತೊಳೆಯಿರಿ. ಬೋರಿನ ಸವುಳು ನೀರು ಬೇಡ, ಅದರಲ್ಲೂ ಉಪ್ಪಿದೆ. ಗೊಬ್ಬರ ಹೇರುವ ಗಾಡಿಯಾದರೆ ಎರಡು ಮೂರು ಸಲ ತೊಳೆಯಬೇಕು. ತುಕ್ಕಿನ ಸೂಕ್ಷ್ಮ ರಂಧ್ರಗಳಲ್ಲಿ ಉಪ್ಪು ಉಳಿದರೆ ಅದು ಗಾಳಿಯಲ್ಲಿನ ತೇವವನ್ನೇ ಎಳೆದುಕೊಂಡು ತೇಪೆಯ ಕೆಳಗೆ ತಿನ್ನುತ್ತಲೇ ಇರುತ್ತದೆ.

ತೊಳೆದ ಮೇಲೆ ಒಂದಿಡೀ ದಿನ ಬಿಸಿಲಿಗೆ ಬಿಡಿ. ಬಾಗಿಲು ತೆರೆದೇ ಇರಲಿ, ಬ್ಯಾಟರಿ ತಂತಿ ಬಿಚ್ಚಿ. ಬನಹಟ್ಟಿಯ ಒಬ್ಬ ಹಿರಿಯ ಮಿಸ್ತ್ರಿ ಗಿರಾಕಿಗೆ ಹೇಳುತ್ತಿದ್ದುದನ್ನು ಕೇಳಿದ್ದೇನೆ: “ಸಾಹುಕಾರ್ರ, ಮ್ಯಾಲ ಎಷ್ಟ ಹಚ್ಚಿದ್ರೂ ಅಷ್ಟರೀ. ಒಳಗ ಹಸಿ ಐತಿ ಅಂದ್ರ ಅದು ತಿಂದ ತಿಂತೈತಿ.” ಈ ಕೆಲಸದ ಮುಕ್ಕಾಲು ಪಾಲು ಆ ಮಾತಿನಲ್ಲೇ ಬಂತು.

ಹಂತ 3: ಸಾಮಾನು

ಹಾರ್ಡ್‌ವೇರ್ ಮತ್ತು ಬಣ್ಣದ ಅಂಗಡಿಯಲ್ಲಿ ಎಲ್ಲವೂ ಸಿಗುತ್ತವೆ. ತಂತಿ ಬ್ರಷ್, 80, 120, 220, 400 ನಂಬರಿನ ಪಾಲಿಶ್ ಕಾಗದ, ತುಕ್ಕು ಮಾರ್ಪಡಿಸುವ ದ್ರವದ ಸಣ್ಣ ಬಾಟಲಿ, ಥಿನ್ನರ್, ಎಂಸೀಲ್, ಫೈಬರ್ ಮ್ಯಾಟ್ ಮತ್ತು ರೆಸಿನ್, ಕಾರಿನ ಬಾಡಿ ಪುಟ್ಟಿ, ಅದರ ಹಾರ್ಡನರ್ ಟ್ಯೂಬ್, ಪ್ರೈಮರ್, ಗಾಡಿಯ ಬಣ್ಣಕ್ಕೆ ಹೊಂದುವ ಸ್ಪ್ರೇ ಡಬ್ಬಿ. ಎಲ್ಲವನ್ನೂ ತರಬೇಕಿಲ್ಲ, ತೂತಿನ ಗಾತ್ರ ನೋಡಿ ತನ್ನಿ. ಕೈಗವಸು, ಕನ್ನಡಕ, ಮೂಗಿಗೆ ಮಾಸ್ಕ್ ಮಾತ್ರ ತಪ್ಪದೆ ಇರಲಿ. ಫೈಬರ್ ಉಜ್ಜಿದ ಪುಡಿ ಮೈಗೆ ತಗುಲಿದರೆ ಎರಡು ದಿನ ತುರಿಸುತ್ತದೆ, ಪುಪ್ಪುಸಕ್ಕೆ ಹೋಗಬಾರದು.

ಗೋಡೆಗೆ ಹಚ್ಚುವ ಪುಟ್ಟಿ, ಸಿಮೆಂಟು, ಪ್ಲಾಸ್ಟರ್ ಆಫ್ ಪ್ಯಾರಿಸ್ ಇವುಗಳಲ್ಲಿ ಯಾವುದನ್ನೂ ಗಾಡಿಗೆ ಹಚ್ಚಬೇಡಿ. ಮೂರೂ ನೀರು ಕುಡಿಯುತ್ತವೆ.

ಹಂತ 4: ಕೆರೆದು ತೆಗೆಯುವುದು

ತೂತಿನ ಸುತ್ತ ಎರಡು ಇಂಚಿನವರೆಗೆ ಬಣ್ಣ ಕೆರೆಯಿರಿ. ಮೊದಲು ತಂತಿ ಬ್ರಷ್, ಆಮೇಲೆ 80ರ ಕಾಗದ. ಬೆಳ್ಳಗೆ ಹೊಳೆಯುವ ತಗಡು ಕಾಣುವ ತನಕ ನಿಲ್ಲಿಸಬೇಡಿ. ಅಂಚಿನ ತಗಡು ಕಾಗದದಷ್ಟು ತೆಳ್ಳಗಾಗಿದ್ದರೆ ಇಕ್ಕಳದಿಂದ ಮುರಿದು ತೆಗೆಯಿರಿ. ತೂತು ದೊಡ್ಡದಾಗುತ್ತದೆ, ಆಗಲಿ. ಕಾರಿನ ಹೊರತಗಡಿನ ದಪ್ಪ ಹೊಸದಿದ್ದಾಗಲೇ ಮುಕ್ಕಾಲು ಮಿಲಿಮೀಟರಿನ ಆಸುಪಾಸು. ಅದರಲ್ಲಿ ಅರ್ಧ ತುಕ್ಕು ತಿಂದ ಮೇಲೆ ಉಳಿದದ್ದು ಯಾವ ತೇಪೆಯನ್ನೂ ಹಿಡಿದಿಡುವುದಿಲ್ಲ.

ಗ್ರೈಂಡರ್ ಇದ್ದರೆ ಕೆಲಸ ಬೇಗ ಆಗುತ್ತದೆ. ಆದರೆ ಕಿಡಿ ಹಾರುತ್ತದೆ. ಎಣ್ಣೆ ಟಾಕಿ, ಎಲ್‌ಪಿಜಿ ಇರುವ ಓಮ್ನಿಯ ಸಿಲಿಂಡರ್, ರವದಿ ಒಟ್ಟಿದ ಅಂಗಳ ಇವುಗಳ ಹತ್ತಿರ ಕೈಯಿಂದಲೇ ಕೆರೆಯಿರಿ. ಅಂಚನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಒಳಕ್ಕೆ ಕೂದಲೆಳೆಯಷ್ಟು ತಗ್ಗಿಸಿ. ತೇಪೆ ಕೂತ ಮೇಲೆ ಮೇಲ್ಮೈ ಸಮನಾಗಿ ಬರುತ್ತದೆ.

ಹಂತ 5: ಉಳಿದ ತುಕ್ಕನ್ನು ಕಪ್ಪಾಗಿಸುವುದು

ಎಷ್ಟೇ ಕೆರೆದರೂ ತಗಡಿನ ಗುಳಿಗಳಲ್ಲಿ ತುಕ್ಕು ಉಳಿಯುತ್ತದೆ. ಅದಕ್ಕೆ ತುಕ್ಕು ಮಾರ್ಪಡಿಸುವ ದ್ರವ. ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ ಇರುತ್ತದೆ, ಕೆಲವದರಲ್ಲಿ ಟ್ಯಾನಿಕ್ ಆಮ್ಲ. ಬ್ರಷ್‌ನಿಂದ ತೆಳ್ಳಗೆ ಹಚ್ಚಿದರೆ ಟ್ಯಾನಿಕ್ ಆಮ್ಲದ್ದು ಕಂದು ಬಣ್ಣದ ತುಕ್ಕನ್ನು ನೀಲಿಗಪ್ಪು ಮಾಡುತ್ತದೆ. ಈ ಕಪ್ಪು ನೇಕಾರರ ಊರಿಗೆ ಹೊಸದೇನಲ್ಲ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಕೂಡಿಸಿ ನೂಲಿಗೆ ಕಪ್ಪು ಹಾಕುತ್ತಿದ್ದ ಹಳೆಯ ವಿದ್ಯೆಯಲ್ಲೂ ನಡೆಯುತ್ತಿದ್ದುದು ಇದೇ ಕ್ರಿಯೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಫಾಸ್ಫಾರಿಕ್ ಆಮ್ಲದ್ದಾದರೆ, ತೊಳೆಯಲು ಹೇಳಿದ್ದರೆ ತೊಳೆದು ಕೂಡಲೇ ಒಣಗಿಸಿ. ಆಮ್ಲ ಉಳಿದ ಮೇಲ್ಮೈಗೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಕೊನೆಗೆ ಬಟ್ಟೆಗೆ ಥಿನ್ನರ್ ತಾಗಿಸಿ ಸುತ್ತ ಒರೆಸಿ. ಪೆಟ್ರೋಲ್ ಬೇಡ.

ಹಳೆ ಇಂಜಿನ್ ಆಯಿಲನ್ನು ಡೀಸೆಲ್ಲಿಗೆ ಬೆರೆಸಿ ಗಾಡಿಯ ಕೆಳಗೆ ಹೊಡೆಯುವ ರೂಢಿ ನಮ್ಮಲ್ಲಿ ಬಹಳ. ತುಕ್ಕನ್ನು ಅದು ಸ್ವಲ್ಪ ತಡೆಯುತ್ತದೆ ನಿಜ, ಆದರೆ ರಬ್ಬರ್ ಬುಷ್ ಕೆಡಿಸುತ್ತದೆ, ಬ್ರೇಕಿನ ಮೇಲೆ ಹಾರುತ್ತದೆ, ನೆಲಕ್ಕೆ ಸೋರಿ ಬಾವಿಯ ನೀರಿಗೂ ಸೇರುತ್ತದೆ. ಮುಖ್ಯವಾಗಿ, ಎಣ್ಣೆ ಕುಡಿದ ತಗಡಿಗೆ ಯಾವ ತೇಪೆಯೂ ಅಂಟದು. ತೇಪೆ ಹಾಕುವ ಯೋಚನೆ ಇದ್ದರೆ ಆ ಜಾಗಕ್ಕೆ ಆಯಿಲ್ ಸೋಕಿಸಬೇಡಿ.

ಹಂತ 6: ತೇಪೆ

*ಕಡಲೆಯಿಂದ ಒಂದು ರೂಪಾಯಿ ನಾಣ್ಯದ ಗಾತ್ರದವರೆಗೆ* ಎಂಸೀಲ್ ಸಾಕು. ಪಾಕೀಟಿನ ಎರಡೂ ಭಾಗವನ್ನು ಸಮನಾಗಿ ತೆಗೆದುಕೊಂಡು ಎರಡು ಬಣ್ಣದ ಗೆರೆ ಒಂದೂ ಕಾಣದಂತೆ ನಾದಿ. ನಾದುವುದು ಅರೆಬರೆಯಾದರೆ ಅದು ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ. ತೂತಿನ ಒಳಗೆ ಕೈ ಹೋಗುವಂತಿದ್ದರೆ ಒಳಗಿನಿಂದ ಒತ್ತಿ, ಹೊರಗೆ ಗುಂಡಿಯಂತೆ ಸ್ವಲ್ಪ ಉಬ್ಬಿ ಬರಲಿ. ಹೀಗೆ ಹಾಕಿದ್ದು ಎರಡೂ ಬದಿಗೆ ಕಚ್ಚಿಕೊಳ್ಳುತ್ತದೆ. ಮರುದಿನದ ತನಕ ಉಜ್ಜಬೇಡಿ.

*ಅಂಗೈಯಗಲದವರೆಗೆ* ಫೈಬರ್. ಹೊಸಬರು ಇಲ್ಲಿ ಎಚ್ಚರದಿಂದಿರಬೇಕು. ರೆಸಿನ್ನನ್ನು ಬಿಡಿಯಾಗಿ ಮಾರುವ ಅಂಗಡಿಯಲ್ಲಿ ಮೂರು ಬಾಟಲಿ ಕೊಡುವುದುಂಟು: ರೆಸಿನ್, ನೇರಳೆ ಬಣ್ಣದ ಕೋಬಾಲ್ಟ್, ನೀರಿನಂತೆ ಕಾಣುವ ಹಾರ್ಡನರ್. ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಭುಗಿಲೆದ್ದು ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲಷ್ಟೇ ಹಾರ್ಡನರ್. ಕೋಬಾಲ್ಟ್ ಮೊದಲೇ ಸೇರಿದ ರೆಸಿನ್ ಕೇಳಿ ತಂದರೆ ಈ ತಾಪತ್ರಯವೇ ಇಲ್ಲ, ಹೊಸಬರು ಅದನ್ನೇ ತನ್ನಿ. ಹಾರ್ಡನರಿನ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಕುತ್ತು. ಬಿದ್ದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯುತ್ತಲೇ ಆಸ್ಪತ್ರೆಗೆ ಹೋಗಿ.

ಹಾರ್ಡನರ್ ಸಾಮಾನ್ಯವಾಗಿ ರೆಸಿನ್ನಿನ ನೂರಕ್ಕೆ ಒಂದೆರಡು ಪಾಲು. ಏಪ್ರಿಲ್, ಮೇ ಬಿಸಿಲಿನಲ್ಲಿ ಒಂದು ಪಾಲಿಗೇ ಹತ್ತು ನಿಮಿಷದಲ್ಲಿ ಕಲ್ಲಾಗುತ್ತದೆ. ಹಾಗಾಗಿ ಸಣ್ಣ ಬಟ್ಟಲಿನಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ. ಚಳಿಗಾಲದಲ್ಲಿ ನಸುಕಿನಲ್ಲೇ ಸುರು ಮಾಡಬೇಡಿ. ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ಇಬ್ಬನಿ ಇರುತ್ತದೆ, ಬಿಸಿಲೇರಿ ತಗಡು ಬೆಚ್ಚಗಾಗಲಿ.

ಮ್ಯಾಟನ್ನು ತೂತಿಗಿಂತ ಸುತ್ತಲೂ ಎರಡು ಇಂಚು ದೊಡ್ಡದಾಗಿ ಕತ್ತರಿಸಿ, ಎರಡು ಅಥವಾ ಮೂರು ತುಂಡು. ತಗಡಿಗೆ ಒಳಬದಿಯಿಂದ ರೆಸಿನ್ ಹಚ್ಚಿ, ಮೊದಲ ತುಂಡು ಕೂರಿಸಿ, ಬ್ರಷ್ಷಿನ ತುದಿಯಿಂದ ಕುಟ್ಟುತ್ತಾ ರೆಸಿನ್ ಕುಡಿಸಿ. ಬಿಳಿ ಮ್ಯಾಟ್ ಗಾಜಿನಂತೆ ಪಾರದರ್ಶಕವಾದರೆ ರೆಸಿನ್ ಇಳಿದಿದೆ ಎಂದರ್ಥ. ಬಿಳಿ ಚುಕ್ಕೆ ಉಳಿದ ಕಡೆ ಗಾಳಿ ಇದೆ, ನಾಳೆ ನೀರೂ ಬರುತ್ತದೆ. ಅದರ ಮೇಲೆ ಎರಡನೆಯದು. ಒಳಗೆ ಕೈ ಹೋಗದ ಜಾಗವಾದರೆ ಹೊರಗಿನಿಂದಲೇ ಹಾಕಿ. ಮೇಲ್ಮೈ ಸ್ವಲ್ಪ ಉಬ್ಬಿ ಕಾಣುತ್ತದೆ, ತಾತ್ಪೂರ್ತಿಕ ಕೆಲಸಕ್ಕೆ ಅಷ್ಟು ನಡೆಯುತ್ತದೆ.

*ಅದಕ್ಕೂ ದೊಡ್ಡದು*, ಪಿಕಪ್ಪಿನ ಹಲಗೆಯಲ್ಲೋ ಟ್ರ್ಯಾಕ್ಟರ್ ಮಡ್‌ಗಾರ್ಡಿನಲ್ಲೋ ಆಗಿದ್ದರೆ, ತಗಡಿಗೆ ತಗಡೇ ಬೇಕು. ಜಿಐ ತಗಡು ಒಳ್ಳೆಯದು, ಅದರ ಸತುವಿನ ಲೇಪ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಎಣ್ಣೆ ಡಬ್ಬಿಯ ತಗಡು ಬಿಟ್ಟಿ ಸಿಗುತ್ತದೆ, ಆದರೆ ಅದರ ತವರದ ಲೇಪ ಗೀರಿದ ಕಡೆ ಹೊಸ ತುಕ್ಕು ಬೇಗ ಏಳುತ್ತದೆ. ಅಲ್ಯೂಮಿನಿಯಂ ತಗಡನ್ನು ಕಬ್ಬಿಣಕ್ಕೆ ನೇರವಾಗಿ ಜೋಡಿಸಬೇಡಿ, ಉಪ್ಪುನೀರು ಬಿದ್ದಾಗ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಹರಿದು ಅಲ್ಯೂಮಿನಿಯಂ ಸವೆಯುತ್ತದೆ. ತುಂಡಿನ ಮೂಲೆಗಳನ್ನು ಗುಂಡಗೆ ಕತ್ತರಿಸಿ, ಎರಡೂ ತಗಡಿಗೆ ಪ್ರೈಮರ್ ಹೊಡೆದು ಒಣಗಿಸಿ. ನಡುವೆ ಬಾಡಿ ಸೀಲಂಟ್ ಹಚ್ಚಿ, ಇಂಚಿಗೊಂದರಂತೆ ಪಾಪ್ ರಿವೆಟ್ ಹೊಡೆಯಿರಿ, ಉಕ್ಕಿನದಾದರೆ ಉತ್ತಮ. ರಿವೆಟ್ ಗನ್ ಕೊಳ್ಳುವುದಕ್ಕಿಂತ ಪರಿಚಯದ ಫ್ಯಾಬ್ರಿಕೇಶನ್ ಅಂಗಡಿಯಿಂದ ಒಂದು ಹೊತ್ತಿಗೆ ಕೇಳಿ ತರುವುದು ಮೇಲು.

ಒಂದೇ ಒಂದು ಮಳೆ ದಾಟಿಸಬೇಕು ಎನ್ನುವವರಿಗೆ ಅಲ್ಯೂಮಿನಿಯಂ ಟೇಪ್ ಇದೆ. ಕೆರೆದು, ಒಣಗಿಸಿ, ಪ್ರೈಮರ್ ಹೊಡೆದ ಮೇಲೆ ಅಂಟಿಸಿ ಚಮಚದ ಬೆನ್ನಿನಿಂದ ತಿಕ್ಕಿ. ಹಾಗೇ ತುಕ್ಕಿನ ಮೇಲೆ ಅಂಟಿಸಿದರೆ ವಾರದೊಳಗೆ ಗಾಳಿಗೆ ಹಾರುತ್ತದೆ.

ಹಂತ 7: ಪುಟ್ಟಿ, ಪ್ರೈಮರ್, ಬಣ್ಣ

ಪುಟ್ಟಿಯ ಕೆಲಸ ಮೇಲ್ಮೈ ಸಮ ಮಾಡುವುದು, ಅಷ್ಟೇ. ತೂತು ತುಂಬಲು ಅದನ್ನು ಬಳಸಬೇಡಿ. ಅದು ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಕಲ್ಲಿನ ಪುಡಿ ಕಲಸಿದ್ದು, ತೇವ ಹೀರುತ್ತದೆ. ನೂರಕ್ಕೆ ಎರಡು ಪಾಲು ಹಾರ್ಡನರ್ ಕಲಸಿ, ಎರಡು ಮೂರು ಮಿಲಿಮೀಟರಿಗಿಂತ ದಪ್ಪ ಹಚ್ಚಬೇಡಿ. ದಪ್ಪ ಹಚ್ಚಿದರೆ ಕಬ್ಬಿನ ಹೊಲದ ದಾರಿಯ ಕುಲುಕಾಟಕ್ಕೆ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಕಟ್ಟಿಗೆಯ ತುಂಡಿಗೆ ಕಾಗದ ಸುತ್ತಿ 80, 120, 220 ಹೀಗೆ ಉಜ್ಜಿ. ಪೇಂಟರುಗಳು ನೀರು ಹಾಕಿ ಉಜ್ಜುವುದನ್ನು ನೋಡಿರುತ್ತೀರಿ, ನೀವು ಬರಿಯ ಪುಟ್ಟಿಯನ್ನು ಒಣಗಿದ್ದಾಗಲೇ ಉಜ್ಜಿ. ಹೀರಿದ ನೀರು ಪ್ರೈಮರಿನ ಕೆಳಗೆ ಸಿಕ್ಕಿಕೊಳ್ಳಬಾರದು.

ಅದೇ ದಿನ ಪ್ರೈಮರ್ ಹೊಡೆಯಿರಿ. ಎಪಾಕ್ಸಿ ಪ್ರೈಮರ್ ಸಿಕ್ಕರೆ ಅದು, ಇಲ್ಲದಿದ್ದರೆ ರೆಡ್ ಆಕ್ಸೈಡ್. ತೆಳ್ಳಗೆ ಎರಡು ಕೈ. ಪೂರ್ತಿ ಒಣಗಿದ ಮೇಲೆ 400ರ ಕಾಗದ ಆಡಿಸಿ ಬಣ್ಣ ಹೊಡೆಯಿರಿ. ಹಳೆ ಬಿಳಿ ಓಮ್ನಿಗೆ ಹೊಸ ಬಿಳಿ ಹೊಂದುವುದಿಲ್ಲ, ಬಿಸಿಲಿಗೆ ಹಳೆಯದು ಹಳದಿಗೆ ತಿರುಗಿರುತ್ತದೆ. ಅದಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಿ.

ಹಂತ 8: ಒಳಬದಿ

ಹೊರಗೆ ಬಣ್ಣ ಒಣಗಿದ ಮೇಲೆ ಒಳಬದಿಗೆ ಬನ್ನಿ. ಗ್ರೀಸ್ ಡಬ್ಬಿಯನ್ನು ಬಿಸಿ ನೀರಿನ ಪಾತ್ರೆಯಲ್ಲಿಟ್ಟು ಸ್ವಲ್ಪ ಮೆತ್ತಗೆ ಮಾಡಿ, ತೇಪೆಯ ಹಿಂದೆ, ಬಾಗಿಲ ತಳದ ಮಡಿಕೆಯಲ್ಲಿ ಬ್ರಷ್ಷಿನಿಂದ ಹಚ್ಚಿ. ಮಡ್‌ಗಾರ್ಡಿನ ಒಳಗೆ ಡಾಂಬರಿನ ಅಂಡರ್‌ಕೋಟಿಂಗ್ ಹೊಡೆಯಬಹುದು, ಆದರೆ ಒಣ, ತುಕ್ಕಿಲ್ಲದ ತಗಡಿನ ಮೇಲೆ ಮಾತ್ರ. ಹಸಿ ತುಕ್ಕಿನ ಮೇಲೆ ಹೊಡೆದ ಡಾಂಬರು ನೀರನ್ನು ಒಳಗೇ ಹಿಡಿದಿಡುತ್ತದೆ, ಮೇಲಿನಿಂದ ಏನೂ ಕಾಣದಂತೆ ತಗಡು ಮುಗಿದುಹೋಗುತ್ತದೆ. ಮುಗಿಸುವ ಮೊದಲು ಸೈಕಲ್ ಕಡ್ಡಿಯನ್ನು ಇನ್ನೊಮ್ಮೆ ಕಿಂಡಿಗಳಲ್ಲಿ ಆಡಿಸಿ. ರೆಸಿನ್, ಬಣ್ಣ, ಗ್ರೀಸ್ ಯಾವುದೂ ಅವನ್ನು ಮುಚ್ಚಿರಬಾರದು.

ಆಮೇಲೆ

ಇಷ್ಟೆಲ್ಲ ಸರಿಯಾಗಿ ಮಾಡಿದರೆ ತೇಪೆ ಒಂದು ಹಂಗಾಮು, ಒಂದು ಮಳೆಗಾಲ ತಾಳುತ್ತದೆ. ತಿಂಗಳಿಗೊಮ್ಮೆ ಅಂಚಿನಲ್ಲಿ ಉಗುರು ಆಡಿಸಿ ನೋಡಿ. ಬಣ್ಣ ಮತ್ತೆ ಗುಳ್ಳೆ ಎದ್ದರೆ ಅದರ ಮೇಲೆ ಇನ್ನೊಂದು ಪದರ ಹಚ್ಚುವುದು ರೊಕ್ಕ ದಂಡ, ಕಿತ್ತು ಮೊದಲಿನಿಂದ ಮಾಡಬೇಕು ಇಲ್ಲವೇ ಮಿಸ್ತ್ರಿಯ ಬಳಿಗೆ ಒಯ್ಯಬೇಕು. ಗೊಬ್ಬರ ಹೇರಿದ ದಿನ ಸಂಜೆಯೇ ಗಾಡಿ ತೊಳೆಯಿರಿ.

ಬಾಡಿಗೆಗೆ ಓಡುವ ಗಾಡಿಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್ ತಪಾಸಣೆಗೆ ಹೋಗಲೇಬೇಕು. ಸ್ವಂತ ಕಾರಿಗೆ 15 ವರ್ಷವಾದ ಮೇಲೆ ನೋಂದಣಿ ನವೀಕರಿಸುವಾಗ ತಪಾಸಣೆ ಇದೆ. ಜಮಖಂಡಿಯ ಕೆಎ-48 ನಂಬರಿನ ಎಷ್ಟೋ ಗಾಡಿಗಳು ಈಗ ಆ ವಯಸ್ಸಿಗೆ ಬಂದಿವೆ. ತಪಾಸಣೆ ಹತ್ತಿರವಿದ್ದರೆ ತೇಪೆಗೆ ಖರ್ಚು ಮಾಡದೆ ನೇರ ವೆಲ್ಡಿಂಗಿಗೆ ಹೋಗುವುದೇ ಲೆಕ್ಕಕ್ಕೆ ಒಳ್ಳೆಯದು.

ಮಾರ್ಚ್ ಕಳೆದು ಗಾಡಿ ಟಿಂಕರಿಂಗಿಗೆ ಬಿಡುವ ದಿನ, ಎಲ್ಲೆಲ್ಲಿ ಫೈಬರ್ ಇದೆ, ಎಲ್ಲಿ ಗ್ರೀಸ್ ಇದೆ ಎಂದು ಸೀಮೆಸುಣ್ಣದಿಂದ ಗುರುತು ಮಾಡಿ ಮಿಸ್ತ್ರಿಗೆ ತೋರಿಸಿ. ವೆಲ್ಡಿಂಗಿನ ಶಾಖಕ್ಕೆ ಎರಡೂ ಹೊತ್ತಿಕೊಳ್ಳುತ್ತವೆ, ರೆಸಿನ್ನಿನ ಹೊಗೆ ವಿಷ. ಆ ಜಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಒಳಗಿನ ಗ್ರೀಸ್ ಒರೆಸಿ, ಬ್ಯಾಟರಿ ಬಿಚ್ಚಿ, ಬಕೆಟ್ ನೀರು ಹತ್ತಿರವಿಟ್ಟುಕೊಂಡೇ ಅವರು ಕೆಲಸ ಸುರು ಮಾಡಲಿ. ಅಷ್ಟರೊಳಗೆ ಗಾಡಿ ಮಾರುವುದಾದರೆ ಕೊಳ್ಳುವವರಿಗೂ ಅದೇ ಸೀಮೆಸುಣ್ಣದ ಗುರುತು ತೋರಿಸಿ ದರ ಮಾತಾಡಿ.